ರೊಟ್ಟಿ, ಪಲ್ಯ, ನಡುವೆ ಗುಳಿಗೆ

‘ಅನ್ನ ಬಿಟ್ಟೇವ್ರಿ, ಈಗ ಬರೇ ರೊಟ್ಟಿ.’ ಹುಬ್ಬಳ್ಳಿ-ಧಾರವಾಡದಲ್ಲಿ ಶುಗರ್ ಇದ್ದವರ ಮನೆಗೆ ಹೋದರೆ ಈ ಮಾತು ಚಹಾಕ್ಕಿಂತ ಮೊದಲು ಬರುತ್ತದೆ. ನಮ್ಮ ಕಾಕಾನೂ ಹೀಗೇ ಅನ್ನುತ್ತಿದ್ದರು. ಎಷ್ಟು ರೊಟ್ಟಿ ಅಂದರೆ ನಾಲ್ಕು. ಕಟಕ ರೊಟ್ಟಿಯಾದರೆ ಲೆಕ್ಕವೇ ಇಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟ ಇರುತ್ತದೆ, ಗೋಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಜೋಳದಲ್ಲಿ ನಾರು ಚೆನ್ನಾಗಿದೆ, ಒಪ್ಪೋಣ. ಆದರೆ ನಾಲ್ಕನೇ ರೊಟ್ಟಿಯೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ.

ಮೊದಲು ಅಳತೆ

ಮನೆಯಲ್ಲಿರುವ ಹೊಲಿಗೆ ಟೇಪು ಸಾಕು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ಆಮೇಲೆ ಎಚ್‌ಬಿಎ1ಸಿ ರಕ್ತಪರೀಕ್ಷೆ. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಅದರಲ್ಲಿ ಸಿಗುತ್ತದೆ: ಶೇ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲ ಮೇಲೆ ನಿಂತಿದ್ದೀರಿ, 6.5 ಮುಟ್ಟಿದರೆ ಒಳಗೆ ಬಂದಂತೆ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು, ಡಾಕ್ಟರಿಗೆ ಮೊದಲೇ ಹೇಳಿ.

ತಾಟಿನಲ್ಲಿ ಸರದಿ

ನಮ್ಮ ಊಟದಲ್ಲೇ ಇದ್ದ ಒಂದು ಪದ್ಧತಿ ಈಚೆಗೆ ಸವೆದುಹೋಗಿದೆ: ರೊಟ್ಟಿಯ ಬದಿಗೆ ಹಸಿ ಮೆಂತೆ, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ. ಅರ್ಧ ತಾಟು ಇದಕ್ಕೂ ಪಲ್ಯಕ್ಕೂ ಬಿಡಿ, ಇದನ್ನೇ ಮೊದಲು ತಿನ್ನಿ. ನಂತರ ಮಡಿಕೆಕಾಳಿನ ಉಸುಳಿ, ಇಲ್ಲವೇ ಝುಣಕ. ರೊಟ್ಟಿ ಕೊನೆಗೆ, ಒಂದೂವರೆ ಅಥವಾ ಎರಡು. ನಾರು, ಪ್ರೋಟೀನು ಮೊದಲು ಹೋದರೆ ಊಟ ಹೊಟ್ಟೆಯಿಂದ ನಿಧಾನಕ್ಕೆ ಕೆಳಗಿಳಿಯುತ್ತದೆ, ರಕ್ತದ ಸಕ್ಕರೆ ಒಮ್ಮೆಲೇ ಜಿಗಿಯುವುದಿಲ್ಲ. ಸಂಜೆಯ ಗಿರ್ಮಿಟ್-ಮಿರ್ಚಿ ಬಗ್ಗೆ ಹೇಳಿದರೆ ಓದುಗರು ಪತ್ರಿಕೆ ಮಡಚಿಟ್ಟಾರು, ವಾರಕ್ಕೊಮ್ಮೆ ಅಂದುಕೊಳ್ಳಿ.

ಅರವತ್ತು ದಾಟಿದವರಲ್ಲಿ ನಾನು ಕಂಡ ತಪ್ಪು ಬೇರೆ. ಶುಗರ್‌ಗೆ ಹೆದರಿ ಎಲ್ಲವನ್ನೂ ಬಿಟ್ಟು, ಒಂದು ರೊಟ್ಟಿ, ನೀರಾದ ಸಾರಿಗೆ ಇಳಿಯುತ್ತಾರೆ. ಉಂಡ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆ ಸೆಳೆದುಕೊಳ್ಳುವುದು ಸ್ನಾಯು. ಅದೇ ಕರಗಿದರೆ ಶುಗರೂ ಏರುತ್ತದೆ, ಕಾಲೂ ಸೋಲುತ್ತದೆ. ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹಾಗೇ, ಒಂದು ಹಿಡಿ ಕಾಳಿನಲ್ಲಿ 7. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಕೊಂಡೇ ಹೆಚ್ಚಿಸಬೇಕು.

ಇನ್ನು ಗುಳಿಗೆ

ಹೆಚ್ಚಿನವರಿಗೆ ಮೊದಲು ಬರೆದುಕೊಡುವುದು ಮೆಟ್‌ಫಾರ್ಮಿನ್. ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಇದನ್ನು ಮಧುಮೇಹಕ್ಕೆ ಬಳಸಿ ವರದಿ ಮಾಡಿದರು. ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುವುದು ಇದರ ಮುಖ್ಯ ಕೆಲಸ. ಊಟದ ನಡುವೆ ಅಥವಾ ಊಟವಾದ ತಕ್ಷಣ ನುಂಗಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ, ಭೇದಿ ಜಾಸ್ತಿ. ಅದಕ್ಕೇ ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಸ್ಟ್ರಿಪ್ ಮೇಲೆ ಎಸ್‌ಆರ್, ಎಕ್ಸ್‌ಆರ್ ಎಂದಿದ್ದರೆ ಅದು ಔಷಧಿಯನ್ನು ನಿಧಾನಕ್ಕೆ ಬಿಡುವ ಗುಳಿಗೆ, ಜಗಿಯಬೇಡಿ, ಪುಡಿ ಮಾಡಬೇಡಿ. ಕೆಲವು ಕಂಪನಿಯ ಗುಳಿಗೆಯ ಖಾಲಿ ಸಿಪ್ಪೆ ಮಲದಲ್ಲಿ ಕಾಣುತ್ತದೆ, ಗಾಬರಿ ಬೇಡ.

ಶುಗರಿನ ಇನ್ನೊಂದು ಗುಳಿಗೆ ಗ್ಲಿಮೆಪಿರೈಡ್ ಬೇರೆ ಜಾತಿ. ಊಟ ತಪ್ಪಿದರೂ ಅದು ಸಕ್ಕರೆ ಇಳಿಸುತ್ತದೆ. ಎರಡೂ ಸೇರಿದ ಗುಳಿಗೆ ನುಂಗುತ್ತಿರುವ ಅವ್ವಂದಿರು ಶ್ರಾವಣ ಸೋಮವಾರದ ಉಪವಾಸ ಹಿಡಿಯುವ ಮೊದಲೇ ಡಾಕ್ಟರನ್ನು ಕೇಳಿ, ಆ ದಿನದ ಡೋಸ್ ಬರೆಸಿಕೊಳ್ಳಬೇಕು. ಸಕ್ಕರೆ ತೀರಾ ಇಳಿದು ಬೆವರು, ನಡುಕ ಬಂದರೆ, ಕಣ್ಣು ಮಂಜಾದರೆ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ಮಸುಕಾದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಧಾರವಾಡ ಪೇಢಾ ಈ ಕೆಲಸಕ್ಕೆ ಆಗದು: ಖೋವಾದ ಕೊಬ್ಬು ಸಕ್ಕರೆಯನ್ನು ತಡೆಹಿಡಿಯುತ್ತದೆ. ಪೇಢಾ ತಿನ್ನಲು ಸಿಕ್ಕ ಒಂದೇ ನೆಪವೂ ಹೋಯಿತು!

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಶಾಕಾಹಾರಿಗಳಲ್ಲಿ ಇನ್ನೂ ಬೇಗ. ಪಾದ ಜುಮುಗುಡುವುದೆಲ್ಲ ಶುಗರಿನದೇ ಎಂದು ಕೂಡಬೇಡಿ, ಬಿ12 ಪರೀಕ್ಷೆ ಮಾಡಿಸಿ. ಕಿಡ್ನಿ ಎಷ್ಟು ಸೋಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿಳಿದರೆ ಈ ಗುಳಿಗೆ ನಿಲ್ಲಿಸಬೇಕಾಗುತ್ತದೆ.

ಶುಗರ್ ಇಲ್ಲದವರೂ ‘ಮುಪ್ಪು ತಡೀತದಂತ’ ಎಂದು ಮೆಡಿಕಲ್ ಶಾಪಿನಲ್ಲಿ ಇದನ್ನು ಕೇಳತೊಡಗಿದ್ದಾರೆ. ಆರೋಗ್ಯವಂತರ ಆಯಸ್ಸು ಇದರಿಂದ ಹೆಚ್ಚುತ್ತದೆಂದು ಸಾಬೀತಾಗಿಲ್ಲ. ಹೊಸ್ತಿಲ ಮೇಲಿದ್ದ 3,234 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲ 2002ರಲ್ಲಿ ಬಂತು: ಮಧುಮೇಹ ಬರುವುದನ್ನು ಮೆಟ್‌ಫಾರ್ಮಿನ್ ಶೇ 31ರಷ್ಟು ತಗ್ಗಿಸಿದರೆ, ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆದದ್ದು ಶೇ 58ರಷ್ಟು ತಗ್ಗಿಸಿತು.

ಊಟದ ಮೇಲೆ

ಬೆಳಗ್ಗೆ ಉಣಕಲ್ ಕೆರೆ, ಕೆಲಗೇರಿ ಕೆರೆ ಸುತ್ತುವವರು ಸುತ್ತಲಿ. ಜೊತೆಗೆ ಊಟವಾದ ಮೇಲೆ ಓಣಿಯಲ್ಲಿ 10-15 ನಿಮಿಷ ನಡೆದರೆ ಆಗ ತಾನೇ ಏರುವ ಸಕ್ಕರೆಗೆ ಕೆಲಸ ಸಿಗುತ್ತದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡುವುದು ತೊಡೆಗೆ ಒಳ್ಳೆಯದು. ಕಾಕಾ ಟಿವಿ ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಏಳುತ್ತಾರೆ. ಕಾಕು ರಿಮೋಟ್ ಹಿಡಿದು ಎಣಿಸುತ್ತಾರೆ.