ನಂಬರ್ ಇಸ್ಕೊಳ್ದ ಮನಿಗೆ ಬರಬ್ಯಾಡ್ರಿ: ಪಾಲಿಕಿ, ಪಂಚಾಯ್ತಿ ಕೆಲಸ ಮೊಬೈಲ್‌ದಾಗ ಮಾಡ್ಸೋದು ಹೆಂಗ?

ಹೋದ ಮಳಿಗಾಲದಾಗ ಹುಬ್ಬಳ್ಳಿ ನಮ್ಮ ಓಣಿ ಗಟಾರ ಕಟ್ಕೊಂಡು ನೀರು ರಸ್ತೆ ಮ್ಯಾಲೆ ಹರಿಯಾಕ ಹತ್ತಿತ್ತು. ಎದುರ ಮನಿ ಕಾಕಾರು ಕಚೇರಿಗೆ ಹೋಗಿ ಬಾಗಲದಾಗ ನಿಂತಿದ್ದ ಯಾರಿಗೋ ಹೇಳಿ ಬಂದ್ರು, ಬಾಜೂ ಮನಿ ವೈನಿ ಪರಿಚಯದವ್ರಿಗೆ ಫೋನ್ ಹಚ್ಚಿದ್ರು, ನಾನು ಕಸದ ಗಾಡಿ ಹುಡುಗಗ ಹೇಳಿದ್ನಿ, ಮೂರೂ ಮಂದಿ 'ಹೇಳೇವಿ ಬಿಡ್ರಿ, ಬರ್ತಾರ' ಅಂತ ಮನ್ಯಾಗ ಕುಂತ್ವಿ. ಎರಡು ವಾರ ಕಳೀತು. ತಪ್ಪು ಅವ್ರದ ಅಂತ ಬೈಯಾಕೂ ಬರಂಗಿಲ್ಲ, ಯಾಕಂದ್ರ ನಾವು ಹೇಳಿದ್ದು ಯಾವ ಪುಸ್ತಕದಾಗೂ ಯಾವ ಕಂಪ್ಯೂಟರ್‌ದಾಗೂ ಇರ್ಲಿಲ್ಲ. ಕಡೀಕ ಕಾಕಾರ ಮೊಮ್ಮಗಳು, ಪಿಯುಸಿ ಓದೋ ಹುಡುಗಿ, ಫೋಟೊ ಹೊಡೆದು ಮೊಬೈಲ್‌ದಾಗ ದೂರು ಹಾಕಿದ್ಲು, ಒಂದು ನಂಬರ್ ಬಂತು, ಆ ನಂಬರ್ ಹಿಡ್ಕೊಂಡು ಹೊಳ್ಳಿ ಕೇಳಿದಾಗ ಮಂದಿ ಬಂದ್ರು, ಗಟಾರ ತಗದ್ರು.

ಅವತ್ತಿಂದ ಓಣ್ಯಾಗ ಯಾರ್ದ ಕೆಲಸ ಇದ್ರೂ ನಾನು ಮೊದಲ ಕೇಳೋದು ಒಂದ ಪ್ರಶ್ನೆ: 'ನಂಬರ್ ಕೊಟ್ಟಾರೇನ್ರಿ?' ಇವತ್ತು ಪಾಲಿಕಿ ಆಗ್ಲಿ ಪಂಚಾಯ್ತಿ ಆಗ್ಲಿ, ನೀವು ಬಾಯಿಲೆ ಹೇಳಿದ್ದು ಗಾಳೀಗೆ ಹೋಗ್ತೈತಿ, ನಂಬರ್ ಬಿದ್ದಿದ್ದು ಅಷ್ಟ ಒಬ್ಬರ ಟೇಬಲ್ ಮ್ಯಾಲೆ ಹೋಗಿ ಕುಂದರ್ತೈತಿ. ಆ ನಂಬರ್ ಹೆಂಗ ಇಸ್ಕೊಳ್ಳೋದು, ಇಸ್ಕೊಂಡ ಮ್ಯಾಲೆ ಏನು ಮಾಡೋದು ಅಂತ ಒಂದೊಂದ ನೋಡೋಣು.

ಶುರು ಮಾಡೋಕಿಂತ ಮೊದಲ

ಆಧಾರ್‌ಗೆ ಯಾವ ಮೊಬೈಲ್ ನಂಬರ್ ಜೋಡ್ಸ್ಯಾರ ಅಂತ ನೋಡ್ಕೋರಿ. ಇದು ಸಣ್ಣ ಮಾತಲ್ಲ. ನಮ್ಮ ಕಾಕಾರದ್ದು ಬೆಂಗಳೂರಾಗಿರೋ ಮಗನ ನಂಬರ್ ಇತ್ತು. ಇವ್ರು ಸೇವಾ ಕೇಂದ್ರದಾಗ ಪಾಳಿ ಹಚ್ಚಿ, ಕುರ್ಚಿ ಸಿಕ್ಕು, ಎಲ್ಲಾ ತುಂಬಿಸಿ, ಓಟಿಪಿ ಬರೋ ಹೊತ್ತಿಗೆ ಮಗ ಮೀಟಿಂಗ್‌ದಾಗ, ಫೋನ್ ಎತ್ತವಲ್ಲ, ಓಟಿಪಿ ಟೈಮ್ ಮುಗೀತು, ಹಿಂದಿನವ್ರು ಗದ್ದಲ ಹಚ್ಚಿದ್ರು, ಮತ್ತ ಮರುದಿನ. ಆಧಾರ್ ಸೇವಾ ಕೇಂದ್ರಕ್ಕ ಹೋಗಿ ನಿಮ್ಮ ಕಿಸೆದಾಗಿರೋ ನಂಬರ್ ಹಚ್ಚಿಸ್ಕೊಂಡು ಬರ್ರಿ, ಅರ್ಧ ತ್ರಾಸ ಅಲ್ಲೇ ಮುಗೀತೈತಿ.

ಎರಡನೇದು ಹೆಸರು. ನಮ್ಮ ಕಡೆ ಒಬ್ಬನ ಮನಷ್ಯಾ ಖರೇದಿ ಪತ್ರದಾಗ ಬಸಪ್ಪ, ಆಧಾರ್‌ದಾಗ ಬಸವರಾಜ, ರೇಷನ್ ಕಾರ್ಡ್‌ದಾಗ ಅಡ್ಡಹೆಸರು ಸೇರಿಸಿ ಇನ್ನೊಂದು. ಹಳೇ ಕಾಲದ ಕ್ಲರ್ಕ್ ನಿಮ್ಮ ಮಾರಿ ನೋಡಿ 'ಹೌದು ಇವ್ರ' ಅಂತಿದ್ದ, ಕಂಪ್ಯೂಟರ್‌ಗೆ ಮಾರಿ ಗುರ್ತಿಲ್ಲ. ಅರ್ಜಿ ಹಾಕೋಕಿಂತ ಮೊದಲ ಎಲ್ಲಾ ಕಾಗದ ಒಂದ ಕಡೆ ಹರವಿ ಹೆಸರು ಹೊಂದಿಸಿ ನೋಡ್ರಿ.

ಇದು ಯಾರ ಕೆಲಸ ಅಂತ ತಿಳ್ಕೋರಿ

ಭಾಳ ಮಂದಿ ಎಡವೋದು ಇಲ್ಲೇ. ಹುಬ್ಬಳ್ಳಿ-ಧಾರವಾಡದಾಗ ಮನಿ ಮುಂದ ಕಾಣೋದೆಲ್ಲಾ ಪಾಲಿಕಿದ್ದ ಅಂತ ತಿಳ್ಕೊಂಡಿರ್ತೀವಿ, ಹಂಗಿಲ್ಲ. ಕಂಬದ ಮ್ಯಾಗಿನ ಬೀದಿ ದೀಪ ಹತ್ತಲಿಲ್ಲ ಅಂದ್ರ ಪಾಲಿಕಿ, ಅದ ಕಂಬದ ವಾಯರ್ ಹರ್ಕೊಂಡು ಬಿದ್ರ ಹೆಸ್ಕಾಂ, ಅದಕ್ಕ 1912ಕ್ಕ ಫೋನ್ ಹಚ್ಚಬೇಕು. (ಹೆಸ್ಕಾಂ ಹೆಡ್ ಆಫೀಸು ನಮ್ಮ ನವನಗರದಾಗ ಐತಿ, ಧಾರವಾಡ, ಗದಗ, ಹಾವೇರಿ ಸೇರಿ ಏಳು ಜಿಲ್ಲಾಕ್ಕ ಕರೆಂಟ್ ಅಲ್ಲಿಂದ, ಆದ್ರೂ ನವನಗರದವ್ರಿಗೂ ಕರೆಂಟ್ ಹೋಗ್ತೈತಿ ಅನ್ನೋದು ನಮಗ ಒಂಥರಾ ಸಮಾಧಾನ.) ಓಣಿ ಒಳಗಿನ ರಸ್ತೆ ಪಾಲಿಕಿ, ಕೆಲವು ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆ, ಬೈಪಾಸ್ ಹೆದ್ದಾರಿ ಆದ್ರ ಕೇಂದ್ರದ ಹೆದ್ದಾರಿ ಪ್ರಾಧಿಕಾರ, ಅದರ ಸಹಾಯವಾಣಿ 1033. ಕಸ, ಗಟಾರ, ಬೀದಿ ನಾಯಿ, ಜನನ ಮರಣ, ಆಸ್ತಿ ತೆರಿಗಿ ಪಾಲಿಕಿ. ಜಾತಿ ಆದಾಯ ಸರ್ಟಿಫಿಕೇಟ್ ಪಾಲಿಕಿ ಅಲ್ಲ, ಕಂದಾಯ ಇಲಾಖೆ ನಾಡಕಚೇರಿ. ಹೊಲದ ಉತಾರ (ಆಸ್ತಿ ಯಾರ ಹೆಸರಿಗೆ ಐತಿ ಅನ್ನೋ ದಾಖಲೆ) ತಹಶೀಲ್ದಾರ್ ಕಡೆ, ಮನಿ ಉತಾರ ಪಾಲಿಕಿ ಕಡೆ.

ತಪ್ಪು ಬಾಗಲಾ ಬಡದ್ರ ಅವ್ರು 'ನಮ್ಮ ವ್ಯಾಪ್ತಿಗೆ ಬರಂಗಿಲ್ಲ' ಅಂತ ಬರದು ದೂರು ಮುಚ್ಚಿಬಿಡ್ತಾರ, ನೀವು ಕಾಯ್ಕೊಂತ ಕುಂದರ್ತೀರಿ.

ದೂರು ಬ್ಯಾರೆ, ಅರ್ಜಿ ಬ್ಯಾರೆ

ಗಟಾರ ಕಟ್ಟೈತಿ ಅನ್ನೋದು ದೂರು. ನನ್ನ ಹೆಸರಿಗೆ ಮನಿ ಉತಾರ ಮಾಡಿಕೊಡ್ರಿ ಅನ್ನೋದು ಅರ್ಜಿ. ಎರಡಕ್ಕೂ ದಾರಿ ಬ್ಯಾರೆ, ನಂಬರ್ ಬ್ಯಾರೆ.

ದೂರಿಗೆ ಪೌರಾಡಳಿತ ಇಲಾಖೆಯವ್ರದು ಜನಹಿತ ಅನ್ನೋ ಆ್ಯಪ್ ಐತಿ, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕಿಗೂ ನಡೀತೈತಿ, ಗದಗ-ಬೆಟಗೇರಿ, ಹಾವೇರಿ ನಗರಸಭೆಗೂ ನಡೀತೈತಿ. ಆ್ಯಪ್ ಹಾಕ್ಕೊಂಡು, ಮೊಬೈಲ್ ನಂಬರ್ ಕೊಟ್ಟು, ಊರು ಆರಿಸಿ, ಯಾವ ಥರಾ ದೂರು ಅಂತ ಒತ್ತಿ, ಫೋಟೊ ಹಚ್ಚಿ ಕಳಿಸೋದು. ಇಷ್ಟ. ಆದ್ರ ಫೋಟೊ ಹೊಡೆಯೋದ್ರಾಗ ಶಾಣ್ಯಾತನ ಬೇಕು. ಬರೇ ಕೆಸರಿನ ಫೋಟೊ ಹೊಡೆದ್ರ ಅದು ಯಾವ ಊರಿನ ಕೆಸರು ಅಂತ ಯಾರಿಗೆ ಗೊತ್ತಾಗ್ಬೇಕು? ಒಂದು ಫೋಟೊ ದೂರದಿಂದ, ಅದ್ರಾಗ ಒಂದು ಗುರ್ತು ಕಾಣ್ಬೇಕು, ಗುಡಿ, ಕಿರಾಣಿ ಅಂಗಡಿ ಬೋರ್ಡ್, ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬ, ಏನಾರ. ಇನ್ನೊಂದು ಹತ್ರದಿಂದ. ಬರಿಯೋದ್ರಾಗ ಕಥಿ ಬರೀಬ್ಯಾಡ್ರಿ, 'ವಾರ್ಡ್ ಇಷ್ಟು, ಇಂಥಾ ಗುಡಿ ಹಿಂದಿನ ಓಣಿ, ಮೂರನೇ ಮನಿ ಮುಂದ, ಗಟಾರ ಕಟ್ಟಿ ಎಂಟು ದಿನ ಆತು' ಅಂತ ಬರದ್ರ ಸಾಕು. ಪಾಲಿಕಿಗೆ 82 ವಾರ್ಡ್ ಅದಾವು, ನಿಮ್ಮದು ಯಾವ್ದು ಅಂತ ಗೊತ್ತಿಲ್ಲ ಅಂದ್ರ ವೋಟರ್ ಲಿಸ್ಟ್ ನೋಡ್ರಿ, ಇಲ್ಲಾ ಬಾಜೂದವ್ರನ್ನ ಕೇಳ್ರಿ, ಊಹಾ ಮ್ಯಾಲೆ ಹಾಕಬ್ಯಾಡ್ರಿ.

ಇನ್ನೊಂದು ಮಾತು. ಓಣಿ ಮಂದಿ ಎಲ್ಲಾ ಸೇರಿ ಒಂದ ಅರ್ಜಿಗೆ ಇಪ್ಪತ್ತು ಸಹಿ ಹಾಕೋದು ನಮ್ಮ ಹಳೇ ಪದ್ಧತಿ, ಅದು ಕಾಗದಕ್ಕ ಚೊಲೋ. ಇಲ್ಲಿ ಮೂರ್ನಾಲ್ಕು ಮನಿಯವ್ರು ತಮ್ಮ ತಮ್ಮ ಫೋನಿಂದ ಹಾಕ್ರಿ, ಒಂದೊಂದು ನಂಬರ್ ಸಿಗ್ತೈತಿ, ಒಂದು ಮುಚ್ಚಿದ್ರೂ ಇನ್ನೊಂದು ತೆರೆದಿರ್ತೈತಿ. ಕೆಲಸ ಆಗದ 'ಪರಿಹಾರ ಆಗೈತಿ' ಅಂತ ಮೆಸೇಜ್ ಬಂದ್ರ ಸಿಟ್ಟಿಗೇಳಬ್ಯಾಡ್ರಿ, ಅವತ್ತಿನ ಫೋಟೊ ಹೊಡೆದು, ಹಳೇ ನಂಬರ್ ಬರದು ಹೊಳ್ಳಿ ಹಾಕ್ರಿ. ಅದೂ ನಡೀಲಿಲ್ಲ ಅಂದ್ರ ರಾಜ್ಯ ಸರ್ಕಾರದ ಜನಸ್ಪಂದನ, 1902ಕ್ಕ ಫೋನ್ ಹಚ್ಚಿ ಎರಡೂ ನಂಬರ್ ಓದಿ ಹೇಳ್ರಿ.

ಅರ್ಜಿಗೆ ಸಕಾಲ

ಇದು ನಮ್ಮ ಕೈಯಾಗಿರೋ ದೊಡ್ಡ ಹತ್ಯಾರ, ಖರೇ ಹೇಳ್ಬೇಕಂದ್ರ ಭಾಳ ಮಂದಿ ಉಪಯೋಗ್ಸಂಗಿಲ್ಲ. ಸಕಾಲ ಅಂದ್ರ ಸರ್ಕಾರಿ ಸೇವೆ ಗಡುವಿನೊಳಗ ಕೊಡ್ಬೇಕು ಅನ್ನೋ 2011ರ ಕಾಯ್ದೆ, 2012ರ ಏಪ್ರಿಲ್‌ದಾಗ ರಾಜ್ಯದ ತುಂಬ ಶುರು ಆತು, ಆವಾಗ 11 ಇಲಾಖೆದ್ದು 151 ಸೇವೆ ಇದ್ವು, ಆಮ್ಯಾಲೆ ಬೆಳಕೊಂತ ಬಂತು. ಜನನ ಮರಣ ಪತ್ರ, ಖಾತಾ ಬದಲಾವಣೆ, ಜಾತಿ ಆದಾಯ, ಇಂಥಾ ಒಂದೊಂದಕ್ಕೂ ಇಷ್ಟ ದಿನದಾಗ ಮಾಡಿಕೊಡ್ಬೇಕು ಅಂತ ಗಡುವು ಐತಿ. ಅರ್ಜಿ ಕೊಟ್ಟಾಗ 15 ಅಂಕಿದ್ದು ಜಿಎಸ್‌ಸಿ ನಂಬರ್ ಕೊಡ್ತಾರ, ಮೊಬೈಲ್‌ಗೂ ಮೆಸೇಜ್ ಬರ್ತೈತಿ. ಗಡುವು ದಾಟಿದ್ರ ದಿನಕ್ಕ 20 ರೂಪಾಯಿ, ಹೆಚ್ಚಂದ್ರ 500 ರೂಪಾಯಿ, ನಿಮಗ ಪರಿಹಾರ ಕೊಡ್ಬೇಕು, ಅದು ತಡಾ ಮಾಡಿದವ್ರ ಪಗಾರದಾಗಿಂದ ಹೋಗ್ತೈತಿ. 20 ರೂಪಾಯಿಗೆ ಏನು ಬರ್ತೈತಿ, ಒಂದು ಪ್ಲೇಟ್ ಮಿರ್ಚಿ ಸೈತ ಬರಂಗಿಲ್ಲ, ಆದ್ರ ಪಗಾರದಾಗ ಕಟ್ ಆತು ಅಂದ್ರ ಅದು ಯಾವ ಸಾಹೇಬ್ರಿಗೂ ಬ್ಯಾಡಾದ ಮಾತು.

ಕಚೇರಿಗೇ ಹೋಗಿ ಅರ್ಜಿ ಕೊಟ್ರ ಕೆಲವೊಮ್ಮೆ 'ಇಟ್ಟು ಹೋಗ್ರಿ, ನಾಳೆ ನೋಡ್ತೀವಿ' ಅಂತಾರ. ಇಟ್ಟು ಬರಬ್ಯಾಡ್ರಿ. 'ಸಕಾಲ ಸ್ವೀಕೃತಿ ಕೊಡ್ರಿ ಸರ್' ಅಂತ ನೆಟ್ಟಗ ಕೇಳ್ರಿ, ಜಗಳದ ದನಿ ಬ್ಯಾಡ. ಗಡುವಿನ ಲೆಕ್ಕ ಶುರು ಆಗೋದು ಆ ನಂಬರ್ ಬಿದ್ದ ಮ್ಯಾಲೆ, ಅಲ್ಲಿತನಕ ನಿಮ್ಮ ಕಾಗದ ಬರೇ ರದ್ದಿ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ದಾಗ ನೀವ ಹಾಕಿದ್ರ ನಂಬರ್ ತಾನ ಬರ್ತೈತಿ, ಅದಕ್ಕ ಸಾಧ್ಯ ಇದ್ದಷ್ಟೂ ಅಲ್ಲೇ ಹಾಕೋದು ನನ್ನ ಮಟ್ಟಿಗೆ ಚೊಲೋ.

ಒಂದು ಆಟ ಇರ್ತೈತಿ, ಎಚ್ಚರ ಇರ್ರಿ. ಗಡುವು ನಾಳೆ ಮುಗೀತೈತಿ ಅಂದಾಗ ಇವತ್ತು 'ದಾಖಲೆ ಸರಿ ಇಲ್ಲ' ಅಂತ ತಿರಸ್ಕಾರ ಮಾಡಿದ್ರ, ಕಂಪ್ಯೂಟರ್ ಲೆಕ್ಕದಾಗ ಕೆಲಸ ಟೈಮ್‌ಗೆ ಮುಗಿದಂಗ. ತಿರಸ್ಕಾರ ಆದ್ರ ಕಾರಣ ಏನು ಅಂತ ಬರಹದಾಗ ಕೇಳ್ರಿ, 30 ದಿನದೊಳಗ ಮ್ಯಾಲಿನ ಅಧಿಕಾರಿಗೆ ಮೇಲ್ಮನವಿ ಹಾಕಾಕ ಬರ್ತೈತಿ. ಸಕಾಲ ಸಹಾಯವಾಣಿ 080-44554455.

ತೆರಿಗಿ ಕಟ್ಟೋದು

ಇದು ಸುಲಭ, ಲಗೂನ ಮುಗಸ್ತೇನಿ. ಹಳೇ ರಸೀದಿ ಮ್ಯಾಲೆ ಪಿಐಡಿ ನಂಬರ್ (ನಿಮ್ಮ ಆಸ್ತಿ ಗುರ್ತಿನ ನಂಬರ್) ಇರ್ತೈತಿ, ಅದನ್ನ ಪಾಲಿಕಿ ಆಸ್ತಿ ತೆರಿಗಿ ಪೋರ್ಟಲ್‌ದಾಗ ಹಾಕಿದ್ರ ಎಷ್ಟು ಬಾಕಿ ಅಂತ ಬರ್ತೈತಿ. ಏಪ್ರಿಲ್‌ದಾಗ ಕಟ್ಟಿದ್ರ 5 ಪರ್ಸೆಂಟ್ ರಿಯಾಯ್ತಿ, ಮೇ ಜೂನ್ ರಿಯಾಯ್ತಿನೂ ಇಲ್ಲ ದಂಡಾನೂ ಇಲ್ಲ, ಜುಲೈಯಿಂದ ತಿಂಗಳಿಗೆ 2 ಪರ್ಸೆಂಟ್ ದಂಡ. ತೆರಿಗಿ ಜೋಡಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಹೆಸರಿಲೆ ಸೆಸ್ಸೂ ಇರ್ತಾವು, ಅದು ಏನಂತ ಗಾಬರಿ ಆಗಬ್ಯಾಡ್ರಿ. ಕಟ್ಟೋವಾಗ ನೆಟ್ ಹೋಗಿ ಬ್ಯಾಂಕಿಂದ ರೊಕ್ಕ ಕಟ್ ಆಗಿ ರಸೀದಿ ಬರ್ಲಿಲ್ಲ ಅಂದ್ರ ಅವಸರಪಟ್ಟು ಎರಡನೇ ಸಲ ಕಟ್ಟಬ್ಯಾಡ್ರಿ, ಎರಡು ದಿನ ಬಿಟ್ಟು ನೋಡ್ರಿ, ಟ್ರಾನ್ಸಾಕ್ಷನ್ ನಂಬರ್ ಬರದಿಟ್ಕೋರಿ. ಇಲ್ಲೂ ನಂಬರ್.

ಮನಿ ಉತಾರ, ಅಂದ್ರ ಇ-ಆಸ್ತಿ

2024ರ ಅಕ್ಟೋಬರ್‌ದಿಂದ ಇ-ಖಾತಾ ಇಲ್ಲದ ನೋಂದಣಿ ಆಗಂಗಿಲ್ಲ ಅಂದ ಮ್ಯಾಲೆ ನಮ್ಮ ಮಂದಿ ಗಡಬಡಿಸಿ ಎದ್ರು. ಖಾತಾ ಅಂದ್ರ ಬೆಂಗಳೂರವ್ರ ಮಾತು, ನಮಗ ಅದು ಉತಾರ. ಇ-ಆಸ್ತಿ ತಂತ್ರಾಂಶದಾಗ ನಿಮ್ಮ ಆಸ್ತಿ ಫೋಟೊ ಸಮೇತ ಕುಂತ್ರ ಅದ ಇ-ಖಾತಾ. ಖರೇದಿ ಪತ್ರ, ಈ ವರ್ಷದ ತೆರಿಗಿ ರಸೀದಿ, ಋಣಭಾರ ಪತ್ರ, ಮಾಲೀಕರ ಫೋಟೊ ಮತ್ತ ಆಧಾರ್, ಮನಿ ಇಲ್ಲಾ ಪ್ಲಾಟಿನ ಫೋಟೊ, ಹೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರ್ (ಕರೆಂಟ್ ಕನೆಕ್ಷನ್ ನಂಬರ್), ಇಷ್ಟು ಹೊಂದಿಸಿ ಇಟ್ಕೋರಿ. ಋಣಭಾರ ಪತ್ರಕ್ಕ ಎಲ್ಲಾರೂ ಇಸಿ ಅಂತಾರ, ಅದಕ್ಕ ಸಬ್ ರಜಿಸ್ಟ್ರಾರ್ ಕಚೇರಿಗೆ ಅಡ್ಡಾಡೋದು ಬ್ಯಾಡ, ಕಾವೇರಿ 2.0 ಪೋರ್ಟಲ್‌ದಾಗ ಸಿಗ್ತೈತಿ.

ತಡಾ ಆಗೋದು ಎಲ್ಲಿ ಅಂದ್ರ, ಅಪ್ಪಾರು ತೀರ್ಕೊಂಡು ಹತ್ತು ವರ್ಷ ಆಗಿರ್ತೈತಿ, ಉತಾರ ಇನ್ನೂ ಅವ್ರ ಹೆಸರಿಗೆ, ಅಣ್ಣ ತಮ್ಮ ಅಕ್ಕ ಎಲ್ಲಾರೂ ಒಂದೊಂದು ಊರಾಗ. ಆ ಕೆಲಸ ಯಾವ ಆ್ಯಪೂ ಮಾಡಂಗಿಲ್ಲ. ಮೊದಲ ಮರಣ ಪತ್ರ, ವಂಶಾವಳಿ, ವಾರಸಾ, ಆಮ್ಯಾಲೆ ಇ-ಆಸ್ತಿ. ಮನ್ಯಾಗ ಮಾತು ಮುಗಿಸಿ ಪೋರ್ಟಲ್‌ಗೆ ಬರ್ರಿ. ಕರಡು ಬಂದಾಗ ಚಕ್ಕಬಂದಿ, ಅಳತಿ, ಹೆಸರಿನ ಕಾಗುಣಿತ ಮೂರೂ ಓದ್ರಿ, ಮನ್ಯಾಗ ಕನ್ನಡ ಚೊಲೋ ಬರೋ ಹುಡುಗೂರ ಕಡೆ ಓದಿಸ್ರಿ, ಆಮ್ಯಾಲೆ ತಿದ್ದಿಸೋದಕ್ಕ ಮತ್ತೊಂದು ಅರ್ಜಿ, ಮತ್ತೊಂದು ನಂಬರ್.

ಹಳ್ಳಿ ಕಡೆ ಹೆಂಗ?

ನಮ್ಮ ಚಿಗವ್ವ ಇರೋದು ಹಾವೇರಿ ಜಿಲ್ಲಾ ಸವಣೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಇ-ಆಸ್ತಿ ಅಲ್ಲ, ಇ-ಸ್ವತ್ತು, ಪಂಚಾಯ್ತಿಯೊಳಗ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಡೆ. ಗಾಂವಠಾಣಾದ (ಊರೊಳಗಿನ ಜಾಗಾದ) ಮನಿ, ಎನ್ಎ (ಕೃಷಿಯೇತರ) ಆಗಿ ಲೇಔಟ್ ಆದ ಪ್ಲಾಟು, ಇವಕ್ಕ ನಮೂನೆ 9 ಮತ್ತ 11-ಎ, ಹಂಗಿಲ್ಲದಕ್ಕ 11-ಬಿ. ಪ್ಲಾಟ್ ತಗೊಳ್ಳೋವಾಗ ಮಾರೋವ್ರು 'ಇ-ಸ್ವತ್ತು ಐತ್ರಿ' ಅಂದ ಕೂಡ್ಲೆ ಖುಷಿ ಆಗಬ್ಯಾಡ್ರಿ, ಯಾವ ನಮೂನೆ ಅಂತ ಕೇಳ್ರಿ, ಬ್ಯಾಂಕ್ ಸಾಲದ ಮುಂದ 9ಕ್ಕೂ 11-ಬಿಗೂ ಆಕಾಶ ಭೂಮಿ ಫರಕ್.

ಹೊಲಕ್ಕ ಸಂಬಂಧಪಟ್ಟದ್ದಕ್ಕ ಭೂಮಿ ತಂತ್ರಾಂಶ 2000ದ ಸುಮಾರಿಂದ ಐತಿ, ಪಹಣಿ ಮೊಬೈಲ್‌ದಾಗೂ ನೋಡಬಹುದು. ನಿಂತ ಜಾಗಾ ಯಾವ ಸರ್ವೆ ನಂಬರ್ ಅಂತ ತಿಳೀಬೇಕಂದ್ರ ದಿಶಾಂಕ್ ಆ್ಯಪ್ ಹಾಕ್ಕೋರಿ, ಅದು ಕರಾಬು (ಸಾಗುವಳಿಗೆ ಬರದ ಜಾಗಾ), ಕೆರಿ, ಸರ್ಕಾರಿ ಜಾಗಾ ಅಂತ ಸುಳಿವು ಕೊಡ್ತೈತಿ, ಪ್ಲಾಟ್ ನೋಡಾಕ ಹೋದಾಗ ಏಜೆಂಟ್ ಮುಂದ ಸುಮ್ನ ಆ್ಯಪ್ ತಗದು ನಿಲ್ರಿ, ಮಾತಿನ ಧಾಟಿ ಬದಲಾಗ್ತೈತಿ.

ಮಕ್ಕಳ ಸ್ಕಾಲರ್‌ಶಿಪ್‌ಗೆ ಜಾತಿ ಆದಾಯ ಬೇಕಂದ್ರ ನಾಡಕಚೇರಿ, ಅದ್ರ ಮ್ಯಾಲೆ ಆರ್‌ಡಿ ಅಂತ ಶುರು ಆಗೋ ನಂಬರ್ ಇರ್ತೈತಿ, ಮುಂದ ಎಲ್ಲಾ ಫಾರ್ಮ್‌ದಾಗೂ ಕೇಳೋದು ಅದ. ಹೆರಿಗಿ ಆದ್ರ 21 ದಿನದೊಳಗ ನೋಂದಣಿ ಆಗೈತೇನು ಅಂತ ದವಾಖಾನಿಯೊಳಗ ಕೇಳ್ಕೊಂಡ ಬರ್ರಿ. ಕೂಸಿಗೆ ಹೆಸರು ಇನ್ನೂ ಇಟ್ಟಿಲ್ಲ ಅಂದ್ರೂ ನೋಂದಣಿ ನಿಲ್ಲಿಸೋದು ಬ್ಯಾಡ, ತೊಟ್ಲಕ್ಕ ಹಾಕಿ ಹೆಸರಿಟ್ಟ ಮ್ಯಾಲೆ ಸೇರಿಸಾಕ ಬರ್ತೈತಿ.

ಮೊಬೈಲ್ ಬರಂಗಿಲ್ಲ ಅನ್ನೋವ್ರಿಗೆ ಹಳ್ಳ್ಯಾಗ ಗ್ರಾಮ ಒನ್ ಮತ್ತ ಪಂಚಾಯ್ತಿ ಬಾಪೂಜಿ ಸೇವಾ ಕೇಂದ್ರ, ಶಹರದಾಗ ಕರ್ನಾಟಕ ಒನ್. ಸೇವೆಗೆ ಇಷ್ಟ ಫೀ ಅಂತ ಇರ್ತೈತಿ, ರಸೀದಿ ಇಸ್ಕೋರಿ. ಅಲ್ಲಿ ಅರ್ಜಿ ತುಂಬೋ ಹುಡುಗ ತನ್ನ ಮೊಬೈಲ್ ನಂಬರ್ ಹಾಕಿಬಿಡ್ತಾನ, ನಿಮಗ ತ್ರಾಸ ಬ್ಯಾಡ ಅಂತ ಪಾಪ, ಆದ್ರ ಮೆಸೇಜ್ ಎಲ್ಲಾ ಅವಂಗ ಹೋಗ್ತಾವು, ನಿಮಗ ಏನೂ ತಿಳ್ಯಂಗಿಲ್ಲ. ನಿಮ್ಮದ ನಂಬರ್ ಹಾಕ್ಸ್ರಿ. ಓಟಿಪಿ ಮಾತ್ರ ಎದುರು ಕುಂತು ಹೇಳ್ರಿ, ಫೋನ್ ಮಾಡಿ ಕೇಳಿದವ್ರಿಗೆ ಹೇಳಬ್ಯಾಡ್ರಿ.

ನಮ್ಮ ಕಾಕಾರು ಈಗ ಭಾಳ ಹುಷಾರ್ ಆಗ್ಯಾರ. ಗ್ವಾಡಿಗೆ ತೂಗು ಹಾಕಿದ ಕ್ಯಾಲೆಂಡರ್‌ದಾಗ ಹಾಲಿನ ಲೆಕ್ಕದ ಬಾಜೂಕ ಜಿಎಸ್‌ಸಿ ನಂಬರ್ ಬರದು, ಗಡುವು ಮುಗಿಯೋ ತಾರೀಖಿಗೆ ಕೆಂಪು ಪೆನ್ನಿಲೆ ಸುತ್ತು ಹಾಕಿರ್ತಾರ. ಒಂದ ಸಲ ಎಡವಟ್ಟಾತು, ಜನವರಿ ಬಂತು ಅಂತ ವೈನಿ ಹಳೇ ಕ್ಯಾಲೆಂಡರ್ ರದ್ದಿಯವಗ ಹಾಕಿಬಿಟ್ರು. ನೀವು ಬರದದ್ದನ್ನ ಒಂದು ಫೋಟೊನೂ ಹೊಡ್ಕೊಂಡು ಇಟ್ಕೋರಿ.