ಮೈಎಸ್‌ಕ್ಯೂಎಲ್: ಸರ್ವರ್ ಬದಲಿಸಿದ ಮೇಲೆ ಪ್ರೊಸೀಜರ್ ಓಡದಿದ್ದರೆ

ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ಸಾಗಿಸಿದ ಹೊಸ ಸರ್ವರ್‌ನಲ್ಲಿ ಸ್ಟೋರ್ಡ್ ಪ್ರೊಸೀಜರ್‌ಗಳೇ (ಡೇಟಾಬೇಸ್‌ನಲ್ಲೇ ಹೆಸರು ಕೊಟ್ಟು ಉಳಿಸಿಟ್ಟ ಕೋಡ್) ಕಾಣುತ್ತಿಲ್ಲವೇ? ಬ್ಯಾಕಪ್ ತೆಗೆದ ಕಮಾಂಡನ್ನು ನೋಡಿ. ‘ರುಟೀನ್ಸ್’ ಆಯ್ಕೆ ಕೊಡದಿದ್ದರೆ ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಸಾಧನ ಅವುಗಳನ್ನು ಬಿಟ್ಟುಬಿಡುತ್ತದೆ.

ಪ್ರೊಸೀಜರ್ ಇದ್ದೂ 1449 ದೋಷ ಬಂದರೆ ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಅದರ ಡಿಫೈನರ್ (ಪ್ರೊಸೀಜರ್ ಯಾರ ಹೆಸರಿನಲ್ಲಿದೆಯೋ ಆ ಬಳಕೆದಾರ) ಆಗಿ ನಮೂದಾಗಿರುವ ಖಾತೆ ಹೊಸ ಸರ್ವರ್‌ನಲ್ಲಿ ಇಲ್ಲ ಎಂದರ್ಥ. ಅದು ಯಾವ ಖಾತೆ ಎಂಬುದು ಸರ್ವರ್‌ನಲ್ಲಿರುವ ಡೇಟಾಬೇಸ್‌ಗಳ ವಿವರ ಕೊಡುವ ಇನ್ಫರ್ಮೇಷನ್ ಸ್ಕೀಮಾದ ರುಟೀನ್ಸ್ ಟೇಬಲ್‌ನಲ್ಲಿ ಸಿಗುತ್ತದೆ. ಆಲ್ಟರ್ ಪ್ರೊಸೀಜರ್ ಕಮಾಂಡ್‌ನಿಂದ ಡಿಫೈನರ್ ಬದಲಾಗದು. ಪ್ರೊಸೀಜರನ್ನು ಡ್ರಾಪ್ ಮಾಡಿ (ಅಳಿಸಿ), ಬೇರೆ ಡಿಫೈನರ್ ಕೊಟ್ಟು ಮತ್ತೆ ರಚಿಸಬೇಕು. ಅದಕ್ಕೂ ಮುನ್ನ ಶೋ ಕ್ರಿಯೇಟ್ ಪ್ರೊಸೀಜರ್ ಕೊಟ್ಟು ಮೂಲ ಕೋಡನ್ನು ಎತ್ತಿಟ್ಟುಕೊಳ್ಳಿ.

ಗಡಿಬಿಡಿಯಲ್ಲಿ ಎಲ್ಲ ಅಧಿಕಾರವಿರುವ ರೂಟ್ ಖಾತೆಯನ್ನೇ ಡಿಫೈನರ್ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಪ್ರೊಸೀಜರ್‌ನ ಭದ್ರತಾ ಸೆಟ್ಟಿಂಗ್ (ಎಸ್‌ಕ್ಯೂಎಲ್ ಸೆಕ್ಯುರಿಟಿ) ಬದಲಿಸದಿದ್ದರೆ, ಯಾರೇ ಕರೆದರೂ ಆ ಪ್ರೊಸೀಜರ್ ರೂಟ್‌ನ ಅಧಿಕಾರದಲ್ಲೇ ಓಡುತ್ತದೆ. ಬೇಕಾದಷ್ಟೇ ಅನುಮತಿ ಇರುವ ಪ್ರತ್ಯೇಕ ಖಾತೆಯೊಂದನ್ನು ಇದಕ್ಕೆಂದೇ ತೆರೆಯಿರಿ.