ಹಳೇ ಶಾಕ್ ಸೈಕಲ್ ರಿಪೇರಿ: ಮೊದಲು ಬುಶ್, ಬಣ್ಣ ಕೊನೆಗೆ

ಕಟಪಾಡಿಯ ಮಾವನ ಮನೆಯಲ್ಲಿ ದನ ಸಾಕುವುದು ಬಿಟ್ಟು ಸುಮಾರು ವರ್ಷ ಆಯಿತು. ಹಟ್ಟಿಯಲ್ಲಿ ಈಗ ಇರುವುದು ತೆಂಗಿನ ಸಿಪ್ಪೆಯ ರಾಶಿ, ಕೆಟ್ಟುಹೋದ ಪಂಪು, ಮತ್ತೆ ಪಕ್ಕಾಸಿಗೆ ತೂಗುಹಾಕಿದ್ದ ಒಂದು ಸೈಕಲ್. ಮಾವ ಬಹರೈನಿನಲ್ಲಿದ್ದಾಗ ಕಾರ್ಗೋದಲ್ಲಿ ಕಳಿಸಿದ್ದು, 1990ರ ದಶಕದ ಜಿಟಿ ಎಲ್‌ಟಿಎಸ್, ಅಂದರೆ ಜಿಟಿ ಕಂಪನಿಯ ಒಂದು ಮೌಂಟನ್ ಸೈಕಲ್. ಅಲ್ಯೂಮಿನಿಯಂ ಫ್ರೇಮು, ಹಿಂದೆ ಸ್ಪ್ರಿಂಗ್ ಶಾಕು, ಮುಂದೆ ಚಕ್ರ ಹಿಡಿಯುವ ಕವಲಿಗೂ ಶಾಕು, ಹಳದಿ ಬಣ್ಣದ ರಾಕ್‌ಶಾಕ್ಸ್ ಕಂಪನಿಯ ಜೂಡಿ ಫೋರ್ಕು. "ಗುಜರಿಯವ ಕಿಲೋ ಲೆಕ್ಕದಲ್ಲಿ ಕೇಳ್ತಾನೆ, ನಿನಗೆ ಬೇಕಾದ್ರೆ ಕೊಂಡೋಗು" ಅಂದರು ಮಾವ. ಕೊಂಡುಹೋದೆ.

ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ ಬಿಚ್ಚಿದ್ದು, ಆಯುಧಪೂಜೆಗೆ ಓಡಿತು. ನಮ್ಮ ಕರಾವಳಿಗೆ ಈ ಲೆಕ್ಕವೇ ಸರಿ. ಧೋ ಎಂದು ಮಳೆ ಹೊಯ್ಯುವಾಗ ಹೇಗೂ ಸೈಕಲ್ ತುಳಿಯುವ ಹಾಗಿಲ್ಲ, ಚಾವಡಿಯಲ್ಲಿ ಗೋಣಿ ಹಾಸಿ ಬಿಚ್ಚುವ, ತೊಳೆಯುವ ಕೆಲಸ ಮಾಡಬಹುದು. ಬಣ್ಣ ಮಾತ್ರ ಆಗ ಮುಟ್ಟಬೇಡಿ. ಒಣಗುವುದಿಲ್ಲ, ಗುಳ್ಳೆ ಏಳುತ್ತದೆ.

ಇಂಥ ಸೈಕಲ್ ಸಿಕ್ಕಿದ ದಿನವೇ ಸ್ಯಾಂಡ್ ಪೇಪರ್ ಹಿಡಿದು ತಿಕ್ಕಲು ಕೂರುವವರೇ ಜಾಸ್ತಿ. ಹಾಗೆ ಮಾಡಬೇಡಿ. ಶಾಕ್ ಇಲ್ಲದ ಸೈಕಲ್ ಆದರೆ ಎಣ್ಣೆ ಬಿಟ್ಟು, ಟಯರ್ ಹಾಕಿ ಓಡಿಸಬಹುದು. ಇದು ಹಾಗಲ್ಲ. ಇದರ ಹಿಂದಿನ ಅರ್ಧ ಭಾಗ ಕೀಲುಗಳ ಮೇಲೆ ನಿಂತಿದೆ. ಆ ಕೀಲು ಸವೆದಿದ್ದರೆ ಎಷ್ಟು ಚಂದ ಬಣ್ಣ ಹೊಡೆದರೂ ತಿರುವಿನಲ್ಲಿ ಹಿಂದಿನ ಚಕ್ರ ಎತ್ತಿನ ಬಾಲದ ಹಾಗೆ ಅಲ್ಲಾಡುತ್ತದೆ.

ತರುವ ಮೊದಲು ನೋಡಿ

ಸೀಟ್ ಹಿಡಿದು ಹಿಂದಿನ ಚಕ್ರ ನೆಲದಿಂದ ಏಳುವಷ್ಟು ಮಾತ್ರ ಮೆಲ್ಲ ಎತ್ತಿ. ಚಕ್ರ ಏಳುವ ಮೊದಲೇ 'ಟಕ್' ಅಂತ ಕೇಳಿಸಿದರೆ ಶಾಕಿನ ಕಣ್ಣಿನ, ಅಂದರೆ ತುದಿಯ ಬೋಲ್ಟ್ ತೂತಿನ ಬುಶ್ (ಪಿನ್ನಿನ ಸುತ್ತ ಕೂರುವ ಬಳೆ) ಹೋಗಿದೆ. ಆಮೇಲೆ ಒಂದು ಕೈಯಲ್ಲಿ ಫ್ರೇಮ್, ಇನ್ನೊಂದರಲ್ಲಿ ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲುಗಿಸಿ. ರಿಮ್ಮಿನ ಹತ್ತಿರ ಆಟ ಕಂಡರೆ ಅದು ಚಕ್ರದ ನಡುವಿನ ಹಬ್ಬಿನದ್ದೋ ಕೀಲಿನದ್ದೋ ಅಂತ ಬೆರಳಿಟ್ಟು ನೋಡಿ. ಕೀಲಿನ ಸಂದಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ಇದೆಲ್ಲ ಸರಿ ಮಾಡಬಹುದಾದದ್ದು, ಹೆದರಬೇಡಿ.

ಹೆದರಬೇಕಾದದ್ದು ಬಿರುಕಿಗೆ. ವೆಲ್ಡಿಂಗಿನ ಅಂಚು, ಹ್ಯಾಂಡಲಿನ ಹಿಂದೆ ಕೆಳಗಿನ ಪೈಪು, ಶಾಕ್ ಕೂರುವ ಕಿವಿ, ಹಿಂದಿನ ಚಕ್ರದ ಅಚ್ಚು ಕೂರುವ ಜಾಗ, ಇಷ್ಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ. ಕೂದಲಿನಂಥ ಗೆರೆ ಕಂಡರೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಂಡರೆ ಆ ಫ್ರೇಮ್ ಬಿಟ್ಟುಬಿಡಿ. ಗ್ರಿಲ್ ವೆಲ್ಡಿಂಗ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಬೆಸೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಬೆಸೆದ ಜಾಗದ ಬಲ ಮೊದಲಿನ ಹಾಗೆ ಇರುವುದಿಲ್ಲ. ಗೋಡೆಗೆ ತೂಗುಹಾಕಲು ಆಗುತ್ತದೆ, ಅಷ್ಟೆ.

ಬಿಚ್ಚುವುದು

ಒಂದೊಂದು ಬೋಲ್ಟ್ ತೆಗೆಯುವಾಗಲೂ ಮೊಬೈಲಿನಲ್ಲಿ ಫೋಟೊ. ವಾಶರ್ ಯಾವ ಕಡೆಗೆ ಇತ್ತು ಅಂತ ಎರಡು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ನಾನು ಮೊಟ್ಟೆ ಟ್ರೇ ಇಟ್ಟುಕೊಂಡಿದ್ದೆ, ಒಂದೊಂದು ಗುಳಿಯಲ್ಲಿ ಒಂದೊಂದು ಕೀಲಿನ ಸಾಮಾನು.

ಉಲ್ಟಾ ಥ್ರೆಡ್ ಎರಡು ಕಡೆ ಇದೆ: ಎಡ ಪೆಡಲ್, ಮತ್ತು ಪೆಡಲ್ ಕೂರುವ ಕ್ರ್ಯಾಂಕಿನ ನಡುವಿನ ಅಚ್ಚನ್ನು ಹಿಡಿಯುವ ಬಾಟಮ್ ಬ್ರಾಕೆಟ್ಟಿನ ಬಲ ಕಪ್, ಅಂದರೆ ಚೈನ್ ಇರುವ ಕಡೆಯದ್ದು. ಇವೆರಡೂ ಬಲಕ್ಕೆ ತಿರುಗಿಸಿದರೆ ಬಿಡುತ್ತವೆ. ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ, ಪೈಪು ಹಾಕಿ ಬಲ ಬಿಟ್ಟು ಫ್ರೇಮಿನ ಥ್ರೆಡ್ಡೇ ಕಿತ್ತುಕೊಂಡವರು ಇದ್ದಾರೆ.

ಸಮುದ್ರದ ಗಾಳಿಯ ನಿಜವಾದ ಕೆಲಸ ಸೀಟ್ ಪೋಸ್ಟ್‌ನಲ್ಲಿ ಕಾಣುತ್ತದೆ. ಅಲ್ಯೂಮಿನಿಯಂ ಕೆಂಪಾಗಿ ತುಕ್ಕು ಹಿಡಿಯುವುದಿಲ್ಲ, ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಒಳಗೆ ಉಬ್ಬಿ ಪೋಸ್ಟನ್ನು ಫ್ರೇಮಿಗೆ ಅಂಟಿಸಿಬಿಡುತ್ತದೆ. ನನ್ನದು ಎರಡು ದಿನ ಎಣ್ಣೆ ಬಿಟ್ಟರೂ ಕದಲಲಿಲ್ಲ. ಕೊನೆಗೆ ಮಲ್ಪೆಯಿಂದ ಮೀನಿನ ಜೊತೆ ಬಂದ ಮಂಜುಗಡ್ಡೆಯನ್ನು ಗೋಣಿಯಲ್ಲಿ ಜಜ್ಜಿ, ಹೊರಗೆ ಕಾಣುವ ಪೋಸ್ಟಿಗೆ ಸುತ್ತಿ ಕಟ್ಟಿದೆ. ಹತ್ತು ನಿಮಿಷ ಬಿಟ್ಟು ಫ್ರೇಮಿನ ಪೈಪಿನ ಮೇಲೆ ಸುತ್ತಲೂ ಕುದಿಯುವ ನೀರು. ಹೊರಗಿನ ಪೈಪು ಹಿಗ್ಗಬೇಕು, ಒಳಗಿನ ಪೋಸ್ಟು ಕುಗ್ಗಬೇಕು, ಅದು ಲೆಕ್ಕ. ಪೋಸ್ಟಿನ ತಲೆಯನ್ನು ವೈಸಿನಲ್ಲಿ ಕಚ್ಚಿಸಿ ಇಡೀ ಫ್ರೇಮನ್ನೇ ತಿರುಗಿಸಿದಾಗ 'ಕರಕ್' ಅಂತ ಬಿಟ್ಟಿತು. ಮನೆಯಲ್ಲಿ ಮಾತ್ರ ಎರಡು ದಿನ ಬಂಗುಡೆ ವಾಸನೆ. ಒಂದು ವಿಷಯ: ಫ್ರೇಮ್ ಉಕ್ಕಿನದ್ದು, ಪೋಸ್ಟ್ ಅಲ್ಯೂಮಿನಿಯಂ ಆಗಿದ್ದರೆ ಎರಡನ್ನೂ ಒಟ್ಟಿಗೆ ಬಿಸಿ ಮಾಡಬೇಡಿ. ಉಕ್ಕಿಗಿಂತ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ.

ತುಕ್ಕು ಹಿಡಿದ ಸಣ್ಣ ಉಕ್ಕಿನ ಸಾಮಾನಿಗೆ ಬಿಂಬುಳಿ ಸಾಕು. ಹಿತ್ತಲಲ್ಲಿ ಕೊಳೆಯುವಷ್ಟು ಬಿಡುತ್ತದಲ್ಲ, ಜಜ್ಜಿ ರಸ ಹಿಂಡಿ ರಾತ್ರಿ ನೆನೆಸಿಡಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಬಿಡಿಸುತ್ತದೆ. ಬೆಳಿಗ್ಗೆ ಬ್ರಶ್ ಹಾಕಿ ತಿಕ್ಕಿ, ಸೋಡಾಪುಡಿ ನೀರಿನಲ್ಲಿ ತೊಳೆದು, ಒಣಗಿಸಿ ಕೂಡಲೇ ಎಣ್ಣೆ ಹಚ್ಚಿ. ಶಾಕಿನ ಸ್ಪ್ರಿಂಗನ್ನೂ ಅಲ್ಯೂಮಿನಿಯಂ ಭಾಗಗಳನ್ನೂ ಇದರಲ್ಲಿ ಮುಳುಗಿಸಬೇಡಿ.

ಕೀಲು ಮತ್ತು ಬುಶ್

ಹೆಚ್ಚು ಹೊತ್ತು ಹೋಗುವುದು, ಹೋಗಬೇಕಾದದ್ದು ಇಲ್ಲೇ. ಕೆಲವು ಸೈಕಲಿನ ಕೀಲಿನಲ್ಲಿ ಬೇರಿಂಗ್ ಇರುತ್ತದೆ. ಅದು ಸುಲಭ. ಬೇರಿಂಗ್ ಮೇಲೆ ನಂಬರ್ ಇರುತ್ತದೆ, 6000 ಅಂದರೆ ಒಳಗೆ 10, ಹೊರಗೆ 26, ದಪ್ಪ 8 ಮಿಲಿಮೀಟರ್. 6900 ಅಂದರೆ 10, 22, 6. ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯವರು ಕೊಡುತ್ತಾರೆ. ನಂಬರಿನ ಕೊನೆಗೆ 2ಆರ್‌ಎಸ್ ಇರುವುದನ್ನೇ ಕೇಳಿ, ಎರಡೂ ಕಡೆ ರಬ್ಬರ್ ಸೀಲ್ ಇರುತ್ತದೆ. ಬರೀ ತಗಡಿನ ಮುಚ್ಚಳದ್ದು ನಮ್ಮ ಒಂದು ಮಳೆಗಾಲ ತಡೆಯುವುದಿಲ್ಲ.

ನನ್ನದರಲ್ಲಿ ಇದ್ದದ್ದು ಬುಶ್. ಮೂವತ್ತು ವರ್ಷ ಹಿಂದಿನ ಸೈಕಲಿನ ಬುಶ್ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಕಷ್ಟ, ಹುಡುಕಿ ಸುಸ್ತಾಗಬೇಡಿ. ಲೇತಿಗೆ ಹೋಗಿ. ಮಂಗಳೂರಿನವರಾದರೆ ಬೈಕಂಪಾಡಿ, ಉಡುಪಿಯವರಾದರೆ ಮಲ್ಪೆ ಬಂದರಿನ ಕಡೆ. ಬೋಟಿನ ಕೆಲಸ ಮಾಡುವ ಲೇತಿನವರಿಗೆ ಉಪ್ಪು ನೀರಿನಲ್ಲಿ ಏನು ಉಳಿಯುತ್ತದೆ ಅಂತ ನಾವು ಹೇಳಿಕೊಡಬೇಕಾಗಿಲ್ಲ. ನಾನು ಹೋದಾಗ ಅಲ್ಲಿದ್ದ ಹಿರಿಯರು ಹಳೇ ಬುಶ್ಶನ್ನು ಅಂಗೈಯಲ್ಲಿ ಉರುಳಿಸಿ, ಕನ್ನಡಕ ಹಣೆಗೇರಿಸಿ, "ಉಂದು ಸೈಕಲ್‌ದಾ?" (ಇದು ಸೈಕಲಿನದ್ದಾ?) ಅಂತ ತುಳುವಿನಲ್ಲಿ ಎರಡು ಸಲ ಕೇಳಿದರು. ಅವರ ಪಕ್ಕದಲ್ಲಿ ನನ್ನ ತೊಡೆಯಷ್ಟು ದಪ್ಪದ ಬೋಟಿನ ಶಾಫ್ಟ್ ಒರಗಿಸಿಟ್ಟಿತ್ತು. ಅದರ ಬುಶ್ ಮಾಡುವವರಿಗೆ ಇದು ಆಟದ ಸಾಮಾನು.

ಸವೆದ ಬುಶ್ಶಿನ ಅಳತೆ ಕೊಡಬೇಡಿ, ಅದು ಸವೆದದ್ದು. ಬುಶ್ ಕೂರುವ ತೂತು ಮತ್ತು ಒಳಗೆ ಓಡುವ ಪಿನ್ನು, ಇವೆರಡನ್ನು ವರ್ನಿಯರ್‌ನಲ್ಲಿ ಮೂರು ಕಡೆ ಅಳೆಯಿರಿ. ಸಾಧ್ಯವಾದರೆ ಫ್ರೇಮನ್ನೇ ಹೊತ್ತುಕೊಂಡು ಹೋಗಿ. ಹೊರಗೆ ಒತ್ತಿ ಕೂರಬೇಕು, ಒಳಗೆ ಪಿನ್ನು ಬೆರಳಲ್ಲಿ ತಿರುಗಬೇಕು, ಆದರೆ ಅಲುಗಬಾರದು. ಗನ್‌ಮೆಟಲ್ (ಒಂದು ಬಗೆಯ ಕಂಚು) ಆಗುತ್ತದೆ, ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಆದರೆ ಇನ್ನೂ ಹಗುರ. ನೈಲಾನ್ ಬೇಡ. ನೋಡಲು ಡೆಲ್ರಿನ್, ನೈಲಾನ್ ಎರಡೂ ಒಂದೇ ತರಹ ಇರುತ್ತವೆ. ಆದರೆ ನೈಲಾನ್ ತೇವ ಹೀರಿ ಉಬ್ಬುತ್ತದೆ, ಜೂನ್‌ನಲ್ಲಿ ಕೀಲು ಬಿಗಿಯಾಗಿ ನಿಲ್ಲುತ್ತದೆ.

ಬುಶ್ ಕೂರಿಸಲು ಸುತ್ತಿಗೆ ಬೇಡ. ಉದ್ದದ ಬೋಲ್ಟು, ಎರಡು ದಪ್ಪ ವಾಶರ್, ಒಂದು ನಟ್. ಬುಶ್ಶನ್ನು ನೇರ ಹಿಡಿದು ನಟ್ ತಿರುಗಿಸುತ್ತಾ ಹೋದರೆ ತಾನಾಗಿ ಒಳಗೆ ಹೋಗುತ್ತದೆ. ಓರೆಯಾದದ್ದು ಗೊತ್ತಾದ ಕೂಡಲೇ ಹೊರಗೆ ಎಳೆದು ಮತ್ತೆ ಶುರು ಮಾಡಿ. ಎಲ್ಲಾ ಕೀಲು ಜೋಡಿಸಿ ಶಾಕ್ ಹಾಕುವ ಮೊದಲು ಹಿಂದಿನ ಭಾಗವನ್ನು ಕೈಯಲ್ಲಿ ಎತ್ತಿ ಬಿಡಿ. ತನ್ನ ಭಾರಕ್ಕೆ ಮೆಲ್ಲ ಇಳಿಯಬೇಕು. ಎಲ್ಲಾದರೂ ನಿಂತರೆ ಯಾವುದೋ ಒಂದು ಬುಶ್ ಬಿಗಿಯಿದೆ.

ಎರಡು ಶಾಕು

ಹಿಂದಿನ ಶಾಕಿನಿಂದ ಎಣ್ಣೆ ಸೋರುತ್ತಿದ್ದರೆ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಹಲವು ಶಾಕಿನ ಒಳಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತದೆ, ಕಣ್ಣಿಗೆ ಹಾರಿದರೆ ಮುಗಿಯಿತು. ಗಾಳಿ ಶಾಕ್ ಆದರೆ ವಾಲ್ವ್ ಒತ್ತಿ ಪೂರ್ತಿ ಗಾಳಿ ಬಿಟ್ಟ ಮೇಲೆಯೇ ಹೊರಗಿನ ಡಬ್ಬಿ ತಿರುಗಿಸಬೇಕು. ಬದಲಿ ಹುಡುಕುವುದಾದರೆ ಎರಡು ಅಳತೆ ಬೇಕು: ಕಣ್ಣಿನಿಂದ ಕಣ್ಣಿಗೆ ಎಷ್ಟು, ಎಷ್ಟು ಕುಗ್ಗುತ್ತದೆ. 165 ಮಿಲಿಮೀಟರ್ ಉದ್ದ, 38 ಕುಗ್ಗುವುದು, ಹೀಗೆ. ಉದ್ದ ಬದಲಾದರೆ ಇಡೀ ಸೈಕಲಿನ ನಿಲುವೇ ಬದಲಾಗುತ್ತದೆ. ಮಕ್ಕಳ ಸೈಕಲಿನ ಅಗ್ಗದ ಶಾಕ್ ಅಳತೆಗೆ ಕೂತರೂ ಬೇಡ, ಅದರೊಳಗೆ ಬರೀ ಸ್ಪ್ರಿಂಗ್, ಕುಣಿತ ತಡೆಯುವ ಎಣ್ಣೆಯೇ ಇಲ್ಲ. ಹೊಂಡಕ್ಕೆ ಬಿದ್ದರೆ ಕಪ್ಪೆಯ ಹಾಗೆ ಹಾರುತ್ತದೆ.

ನಿಮ್ಮ ಭಾರಕ್ಕೆ ಸರಿಯಾಗಿದೆಯೇ ಅಂತ ನೋಡುವುದು ಸುಲಭ. ಸುಮ್ನೆ ಸೀಟಿನ ಮೇಲೆ ಕೂತಾಗ ಶಾಕ್ ತನ್ನ ಓಟದ ಕಾಲು ಭಾಗ ಇಳಿಯಬೇಕು, 38 ಮಿಲಿಮೀಟರಿಗೆ 9-10. ತುಂಬಾ ಹೆಚ್ಚು ಇಳಿದರೆ ಸ್ಪ್ರಿಂಗ್ ಮೇಲಿನ ರಿಂಗ್ ತಿರುಗಿಸಿ. ಎರಡು ಮೂರು ಸುತ್ತಿಗೂ ಸರಿಯಾಗದಿದ್ದರೆ ಸ್ಪ್ರಿಂಗೇ ಬದಲಿಸಬೇಕು.

ಮುಂದಿನ ಫೋರ್ಕಿನ ಕಥೆ ಬೇರೆ. ರಾಕ್‌ಶಾಕ್ಸ್‌ನ ಮೊದಲ ಫೋರ್ಕ್ ಆರ್‌ಎಸ್-1 ಗಾಳಿ, ಎಣ್ಣೆಯಲ್ಲಿ ನಡೆಯುತ್ತಿತ್ತು. ಆಮೇಲೆ 1990ರ ದಶಕದಲ್ಲಿ ಎಲಾಸ್ಟೊಮರ್ ಅನ್ನುವ ರಬ್ಬರಿನಂಥ ತುಂಡುಗಳ ಕಾಲ ಬಂತು, 1995ರ ಹೊತ್ತಿಗೆ ಬಂದ ಜೂಡಿಯಲ್ಲೂ ಅದೇ. ಆಗ ಅದು ಹಗುರ. ಆದರೆ ವರ್ಷ ಕಳೆದ ಹಾಗೆ ಅದು ಒಂದೋ ಕಲ್ಲಾಗುತ್ತದೆ, ಇಲ್ಲವೇ ಕರಗುತ್ತದೆ. ನನ್ನದು ಕರಗಿತ್ತು. ಮೇಲಿನ ಮುಚ್ಚಳ ತೆಗೆದು ಕಡ್ಡಿ ಹಾಕಿದರೆ ಹಲಸಿನ ಮೇಣದ ಹಾಗೆ ನೂಲು ನೂಲಾಗಿ ಬಂತು. ತೆಂಗಿನೆಣ್ಣೆಗೆ ಬಗ್ಗುವ ಮೇಣ ಅಲ್ಲ ಇದು, ಸೀಮೆಎಣ್ಣೆಯಲ್ಲಿ ನೆನೆಸಿ, ಕೋಲಿಗೆ ಬಟ್ಟೆ ಸುತ್ತಿ ಮೂರು ಸಂಜೆ ತಿಕ್ಕಿದ್ದೇನೆ.

ಬದಲಿಗೆ ಮೊದಲು ಪಿಯು, ಅಂದರೆ ಪಾಲಿಯುರೆಥೇನ್ ರಾಡ್ ತಂದು ತುಂಡು ಮಾಡಿ ತುಂಬಿದೆ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ, ಓಡಿಸಿದರೆ ಒನಕೆಯ ಮೇಲೆ ಕೈಯಿಟ್ಟ ಹಾಗೆ. ಹಳೆಯದರ ಒಳಗೆ ಸಣ್ಣ ಸಣ್ಣ ಗಾಳಿ ಗುಳ್ಳೆ ಇರುತ್ತದೆ, ಅದಕ್ಕೇ ಕುಗ್ಗುವುದು. ಗಟ್ಟಿ ರಾಡಿಗೆ ಆ ಗುಣ ಇಲ್ಲ. ಕೊನೆಗೆ ಸ್ಪ್ರಿಂಗ್ ಮಾಡುವವರಿಂದ ಎರಡು ಉದ್ದ ಸ್ಪ್ರಿಂಗ್ ಮಾಡಿಸಿ ಹಾಕಿದೆ, ಈಗ ಚಂದ ಇದೆ. ಸೀಲ್ ಇರುವಲ್ಲಿ ಸಿಲಿಕೋನ್ ಗ್ರೀಸ್ ಹಾಕಿ, ಲಾರಿ ಗ್ರೀಸ್ ಬೇಡ.

ಚಕ್ರ, ಬ್ರೇಕು, ಚೈನು

26 ಇಂಚಿನ ಟಯರ್ ಕೊಡಿ ಅಂತ ಸುಮ್ನೆ ಕೇಳಿದರೆ ಮೋಸ ಹೋಗುತ್ತೀರಿ. 26 ಅನ್ನುವ ಹೆಸರಿನಲ್ಲಿ ಬೇರೆ ಬೇರೆ ರಿಮ್ ಇವೆ. ಮೌಂಟನ್ ಸೈಕಲಿನ ರಿಮ್ಮಿನಲ್ಲಿ ಟಯರ್ ಕೂರುವಲ್ಲಿ ಅಡ್ಡಳತೆ 559 ಮಿಲಿಮೀಟರ್, ಟಯರಿನ ಬದಿಯಲ್ಲಿ ಸಣ್ಣಕ್ಕೆ ಬರೆದಿರುತ್ತದೆ. 26 ಗುಣಿಸು 1 3/8 ಅಂತ ಇದ್ದರೆ ಅದು 590, ಕೂರುವುದಿಲ್ಲ. 26 ಗುಣಿಸು 1.95 ಅಥವಾ 2.10, ಹೀಗೆ ದಶಮಾಂಶದಲ್ಲಿ ಇರುವುದೇ ನಿಮ್ಮದು.

ಹಬ್ಬಿನ ಗೋಲಿ ಹಳೆಯದನ್ನೇ ತೊಳೆದು ಹಾಕಬೇಡಿ. ಶಿಮಾನೊ ಹಬ್ ಆದರೆ ಸಾಮಾನ್ಯವಾಗಿ ಹಿಂದೆ ಕಾಲಿಂಚಿನದ್ದು ಒಂದು ಬದಿಗೆ 9, ಮುಂದೆ 3/16ರದ್ದು ಬದಿಗೆ 10. ಚೈನಿನಲ್ಲಿ 12 ಇಂಚು ಸ್ಕೇಲ್ ಇಟ್ಟು ನೋಡಿ, ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಬರಬೇಕು. 12 1/8 ಆಗಿದ್ದರೆ ಚೈನ್ ಜೊತೆ ಹಿಂದಿನ ಗೇರ್ ಸೆಟ್ಟಿಗೂ ದುಡ್ಡು ತೆಗೆದಿಡಿ. ಬ್ರೇಕಿನಲ್ಲಿ ಒಂದೇ ಎಚ್ಚರ: ವಿ-ಬ್ರೇಕ್ (ಎರಡು ಉದ್ದ ಕೈಗಳಿಂದ ರಿಮ್ಮನ್ನು ಒತ್ತುವಂಥದ್ದು) ಶಿಮಾನೊದಿಂದ ಬಂದದ್ದು 1996ರ ಹೊತ್ತಿಗೆ. ಅದಕ್ಕಿಂತ ಹಳೇ ಲಿವರ್ ಎಳೆಯುವ ಕೇಬಲ್ ಕಡಿಮೆ, ಹಾಗಾಗಿ ಹೊಸ ಬ್ರೇಕಿಗೆ ಹಳೇ ಲಿವರ್ ಜೋಡಿ ಆಗುವುದಿಲ್ಲ. ಚಕ್ರದ ಬೆಂಡ್ ತೆಗೆಯುವುದನ್ನು ಮಾತ್ರ ನಿಮ್ಮ ಊರಿನ ಸೈಕಲ್ ಅಂಗಡಿಯವರಿಗೇ ಬಿಡಿ. ಕಡ್ಡಿ ಕೀ ಹಿಡಿದು ಕಲಿಯಲು ಹೋಗಿ ನಾನು ಮೊಟ್ಟೆಯಾಕಾರದ ಚಕ್ರ ಮಾಡಿಕೊಂಡಿದ್ದೇನೆ.

ಇನ್ನು ಬಣ್ಣ

ಮೂಲ ಬಣ್ಣ, ಸ್ಟಿಕರ್ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮುಟ್ಟಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಕೊಡುವ ಮೊದಲು ಎಲ್ಲಾ ಬುಶ್, ಬೇರಿಂಗ್ ತೆಗೆದಿರಬೇಕು, ಯಾಕೆಂದರೆ ಅಲ್ಲಿ 200 ಡಿಗ್ರಿಯ ಹತ್ತಿರ ಬೇಯಿಸುತ್ತಾರೆ. ತೂತು, ಥ್ರೆಡ್ಡುಗಳಿಗೆಲ್ಲ ನೀವೇ ಬೆಣೆ ಹೊಡೆದು ಕೊಡಿ. ಹಿಂದೊಮ್ಮೆ ಬೇರೆ ಸೈಕಲಿನ ಫ್ರೇಮ್ ಕೊಟ್ಟಿದ್ದೆ, "ಎಲ್ಲಾ ಗೊತ್ತುಂಟು" ಅಂದರು, ಬಂದಾಗ ಬೇರಿಂಗ್ ಕೂರುವ ಜಾಗದ ಒಳಗೂ ದಪ್ಪಕ್ಕೆ ಬಣ್ಣ ಕೂತಿತ್ತು. ಕೆರೆದು ತೆಗೆಯಲು ಒಂದು ವಾರ. ಈ ಜಿಟಿಗೆ ಬರೀ ವ್ಯಾಕ್ಸ್ ತಿಕ್ಕಿ ಬಿಟ್ಟಿದ್ದೇನೆ.

ಮೊದಲ ಓಟಕ್ಕೆ ಮಲ್ಪೆಯ ಮರಳಿಗೆ ಇಳಿಸಬೇಡಿ, ಫೋಟೊ ಚಂದ ಬರಬಹುದು, ಉಪ್ಪು ಮರಳು ಹೊಸ ಬುಶ್ಶಿನ ಒಳಗೆ ಹೋಗುತ್ತದೆ. ನಾನು ಮಣಿಪಾಲದ ಮುರಕಲ್ಲಿನ ಇಳಿಜಾರಿನಲ್ಲಿ ಬಿಟ್ಟೆ. 30 ಕಿಲೋಮೀಟರ್ ಆದ ಮೇಲೆ ಎಲ್ಲಾ ಕೀಲಿನ ಬೋಲ್ಟ್ ಇನ್ನೊಮ್ಮೆ ಬಿಗಿ ನೋಡಿ, ಹೊಸ ಬುಶ್ ಕೂತು ಸ್ವಲ್ಪ ಸಡಿಲ ಆಗಿರುತ್ತದೆ.

ಆಮೇಲೆ 'ಟಿಕ್ ಟಿಕ್' ಅಂತ ಶಬ್ದ ಬಂದರೆ ಕೂಡಲೇ ಕೀಲು ಬಿಚ್ಚಬೇಡಿ. ಎದ್ದು ನಿಂತು ತುಳಿದು ನೋಡಿ, ಶಬ್ದ ನಿಂತರೆ ಅದು ಸೀಟಿನದ್ದು. ನಾನು ಇದನ್ನು ನೋಡದೆ ಎರಡು ಸಲ ಪೂರ್ತಿ ಹಿಂಭಾಗ ಬಿಚ್ಚಿ ಗ್ರೀಸ್ ಹಾಕಿದೆ. ಮಾವ ಬಂದು ಸೀಟಿನ ಕೆಳಗಿನ ಕಂಬಿಗೆ ಎರಡು ಹನಿ ಎಣ್ಣೆ ಬಿಟ್ಟರು, ನಿಂತಿತು.